ಯುದ್ಧಕ್ಕೆ ಹೋಗಿ ಕಾಯಿಲೆಯಿಂದ ತೀರಿಕೊಂಡ ಸಿಪಾಯಿಯನ್ನು ಹುಡುಕಲು ವಾರ್ ಗ್ರೇವ್ಸ್ ಕಮಿಷನ್ ಜಾಲತಾಣ: ಎಲ್ಲಿ ಕೈ ಹಿಡಿಯುತ್ತದೆ, ಎಲ್ಲಿ ಕೈ ಕೊಡುತ್ತದೆ

ಮೊದಲ ಮಹಾಯುದ್ಧಕ್ಕೆ ತಾನಾಗಿಯೇ ಹೆಸರು ಕೊಟ್ಟು ಹೋಗಿ, ಗುಂಡು ತಗಲದೆ, ಇರಾಕಿನ ಬಸ್ರಾದಲ್ಲೋ ಪೂರ್ವ ಆಫ್ರಿಕಾದ ಮೊಂಬಾಸಾದಲ್ಲೋ ಜ್ವರ ಹತ್ತಿ ತೀರಿಕೊಂಡ ಸಣ್ಣ ಊರಿನ ಸಿಪಾಯಿಗಳನ್ನು ಹುಡುಕುವವರಿಗೆ ಮೊದಲು ತೆರೆದುಕೊಳ್ಳುವ ಬಾಗಿಲು ಕಾಮನ್‌ವೆಲ್ತ್ ವಾರ್ ಗ್ರೇವ್ಸ್ ಕಮಿಷನ್‌ನ ಜಾಲತಾಣ. 1917ರಲ್ಲಿ ಶುರುವಾದ ಸಂಸ್ಥೆ ಇದು. ಎರಡು ಮಹಾಯುದ್ಧಗಳಲ್ಲಿ ಬ್ರಿಟಿಷ್ ಸಾಮ್ರಾಜ್ಯದ ಪಡೆಗಳಲ್ಲಿದ್ದು ಸತ್ತ 17 ಲಕ್ಷ ಜನರ ವಿವರ, 150ಕ್ಕೂ ಹೆಚ್ಚು ದೇಶಗಳಲ್ಲಿ ಹರಡಿದ ಸುಮಾರು 23,000 ಸ್ಥಳಗಳ ಉಸ್ತುವಾರಿ ಇದರ ಪಾಲಿನದು. ಹುಡುಕಲು ದುಡ್ಡು ಕೊಡಬೇಕಿಲ್ಲ. ಉಪಯೋಗವಂತೂ ಖಂಡಿತ ಇದೆ. ಆದರೆ ಇದನ್ನು ಗೂಗಲ್‌ನಂತೆ ಬಳಸಲು ಹೋದರೆ ಹತ್ತರಲ್ಲಿ ಒಂಬತ್ತು ಮಂದಿ ಬರಿಗೈಲಿ ವಾಪಸಾಗುತ್ತಾರೆ. 1916ರ ಡಿಪೋ ಗುಮಾಸ್ತ ಹೇಗೆ ಬರೆದುಕೊಂಡಿದ್ದಾನು ಎಂದು ಯೋಚಿಸಿ ಹುಡುಕಬೇಕು. ಹೆಸರು ಸಿಕ್ಕ ಮೇಲೆ, ಪುಟದಲ್ಲಿ ಕಂಡದ್ದನ್ನೆಲ್ಲ ಕಂಡಹಾಗೇ ನಂಬಲೂ ಬಾರದು.

ಮೊದಲು ಒಂದು ಒಳ್ಳೆಯ ಮಾತು. ಕಾಯಿಲೆಯಿಂದ ಸತ್ತವರಿಗೂ ಗುಂಡಿನಿಂದ ಸತ್ತವರಿಗೂ ಇಲ್ಲಿ ಭೇದವಿಲ್ಲ. ನಮ್ಮಲ್ಲಿ ವೀರಗಲ್ಲು ನಿಲ್ಲುತ್ತಿದ್ದುದು ಹೋರಾಡಿ ಬಿದ್ದವನಿಗೆ. ಆತಕೂರಿನಲ್ಲಿ ಹಂದಿಯ ಜೊತೆ ಕಾದಿ ಸತ್ತ ಕಾಳಿ ಎಂಬ ನಾಯಿಗೂ ಹತ್ತನೇ ಶತಮಾನದಲ್ಲೇ ಕಲ್ಲು ಸಿಕ್ಕಿತು, ದಂಡಿನ ದಾರಿಯಲ್ಲಿ ಭೇದಿಯಾಗಿ ಸತ್ತ ಆಳಿಗೆ ಸಿಕ್ಕಿದ್ದು ಅಪರೂಪ. ಕಮಿಷನ್ನಿನ ನಿಯಮ ಬೇರೆ. 1914ರ ಆಗಸ್ಟ್ 4ರಿಂದ 1921ರ ಆಗಸ್ಟ್ 31ರವರೆಗೆ, ಅಥವಾ 1939ರ ಸೆಪ್ಟೆಂಬರ್ 3ರಿಂದ 1947ರ ಡಿಸೆಂಬರ್ 31ರವರೆಗೆ, ಸೇವೆಯಲ್ಲಿದ್ದಾಗ ಯಾವ ಕಾರಣಕ್ಕೆ ಸತ್ತರೂ ಸರಿ, ಹೆಸರು ಸೇರಬೇಕು. ಕಾಲರಾ, ಆಮಶಂಕೆ, ನ್ಯುಮೋನಿಯಾ, ದೋಣಿ ಮಗುಚಿದ್ದು, ಎಲ್ಲವೂ ಒಂದೇ. ಸೇವೆಯಿಂದ ಬಿಡುಗಡೆಯಾಗಿ ಊರಿಗೆ ಬಂದ ಮೇಲೆ ತೀರಿಕೊಂಡವರ ವಿಷಯದಲ್ಲಿ ಮಾತ್ರ ಎರಡು ಷರತ್ತುಗಳಿವೆ: ಆ ಅವಧಿಯೊಳಗೆ ಸತ್ತಿರಬೇಕು, ಸಾವಿಗೆ ಕಾರಣವಾದ ಕಾಯಿಲೆ ಸೇವೆಯಿಂದ ಬಂದದ್ದೆಂದು ದಾಖಲೆ ಇರಬೇಕು. ಕಾಯಿಲೆ ಪ್ರಕರಣಗಳು ಹೆಚ್ಚಾಗಿ ಎಡವುವುದು ಈ ಎರಡನೇ ಷರತ್ತಿನಲ್ಲೇ. ಅದಕ್ಕೆ ಮುಂದೆ ಬರೋಣ.

ಯಾವ ಸೇವೆಯನ್ನಾದರೂ ಅಳೆಯಲು ಉತ್ತರ ಮೊದಲೇ ಗೊತ್ತಿರುವ ಪ್ರಶ್ನೆಯೊಂದನ್ನು ಹಾಕಿ ನೋಡಬೇಕು. ಇಲ್ಲಿ ಅದಕ್ಕೆ ಸರಿಯಾದ ಹೆಸರು ಜಾನ್ ಮೆಕ್ರೇ. ಕೆನಡಾದ ಒಂಟಾರಿಯೊ ಪ್ರಾಂತ್ಯದ ಗ್ವೆಲ್ಫ್ ಎಂಬ ಊರಿನವರು, ವೈದ್ಯರು. ದಕ್ಷಿಣ ಆಫ್ರಿಕಾದ ಬೋಯರ್ ಯುದ್ಧಕ್ಕೂ ಹೋಗಿಬಂದು, 1914ರಲ್ಲಿ ನಲವತ್ತು ದಾಟಿದ್ದರೂ ಮತ್ತೆ ಹೆಸರು ಕೊಟ್ಟವರು. ಗಸಗಸೆ ಹೂವಿನ ಆ ಪ್ರಸಿದ್ಧ ಯುದ್ಧಪದ್ಯ ಬರೆದವರು ಇವರೇ. ಫಿರಂಗಿಗಳ ನಡುವೆ ಬದುಕಿ ಉಳಿದವರು 1918ರ ಜನವರಿ 28ರಂದು ಫ್ರಾನ್ಸಿನ ಸೇನಾ ಆಸ್ಪತ್ರೆಯಲ್ಲಿ ನ್ಯುಮೋನಿಯಾದಿಂದ ತೀರಿಕೊಂಡರು. ಜಾಲತಾಣದಲ್ಲಿ ಮನೆತನದ ಹೆಸರು, ಸೇವೆಯ ಜಾಗದಲ್ಲಿ ಕೆನಡಾ, ಯುದ್ಧದ ಜಾಗದಲ್ಲಿ ಮೊದಲನೆಯದು ಎಂದು ಕೊಟ್ಟರೆ ಸಾಕು, ಪುಟ ಮುಂದೆ ಬರುತ್ತದೆ. ಲೆಫ್ಟಿನೆಂಟ್ ಕರ್ನಲ್, ಕೆನಡಿಯನ್ ಆರ್ಮಿ ಮೆಡಿಕಲ್ ಕೋರ್, ವಿಮೆರೂ ಕಮ್ಯುನಲ್ ಸ್ಮಶಾನ, ನಾಲ್ಕನೇ ಪ್ಲಾಟು, ಎಚ್ ಸಾಲು, 3ನೇ ಸಮಾಧಿ. ಅಲ್ಲಿನ ಮಣ್ಣು ಮರಳಾದ್ದರಿಂದ ಕಲ್ಲುಗಳನ್ನು ನಿಲ್ಲಿಸಿಲ್ಲ, ಮಲಗಿಸಿದ್ದಾರೆ ಎಂಬುದೂ ಸ್ಮಶಾನದ ವಿವರದಲ್ಲಿದೆ. ಇಷ್ಟು ಕರಾರುವಾಕ್ಕಾದ ಪುಟದಲ್ಲಿ ಇಲ್ಲದ್ದು ಒಂದೇ: ಯಾವ ಕಾಯಿಲೆಯಿಂದ ಸತ್ತರು ಎಂಬುದು. ಇದು ಮೆಕ್ರೇ ಪುಟದ ಕೊರತೆಯಲ್ಲ. ಸಾವಿನ ಕಾರಣಕ್ಕೆ ಈ ದತ್ತಸಂಚಯದಲ್ಲಿ ಕಾಲಮ್ಮೇ ಇಲ್ಲ.

ಕೆನಡಾದವರಿಗೆ ಆ ತೊಂದರೆ ಇಲ್ಲ. ಮೊದಲ ಯುದ್ಧಕ್ಕೆ ಸೇರಿದವರ ವೈಯಕ್ತಿಕ ಕಡತಗಳನ್ನೆಲ್ಲ ಅಲ್ಲಿನ ರಾಷ್ಟ್ರೀಯ ಪತ್ರಾಗಾರ ಸ್ಕ್ಯಾನ್ ಮಾಡಿ ಉಚಿತವಾಗಿ ಹಾಕಿದೆ. ಯಾವ ದಿನ ಆಸ್ಪತ್ರೆಗೆ ಸೇರಿಸಿದರು, ಯಾವ ಕಾಯಿಲೆ ಎಂಬ ಹಾಳೆಗಳೂ ಅದರಲ್ಲಿ ಸಿಗುತ್ತವೆ. ಗ್ವೆಲ್ಫ್‌ನಲ್ಲಿ ಮೆಕ್ರೇ ಹುಟ್ಟಿದ ಮನೆಯೇ ವಸ್ತುಸಂಗ್ರಹಾಲಯವಾಗಿದೆ. ಟೊರಾಂಟೊ, ವಾಟರ್‌ಲೂ ಕಡೆ ಇರುವ ಕನ್ನಡಿಗರಿಗೆ ಒಂದು ದಿನದಲ್ಲಿ ಹೋಗಿಬರುವಷ್ಟು ದೂರ. ಅಲ್ಲಿ ಸಣ್ಣ ಊರಿನ ಸ್ವಯಂಸೇವಕನಿಗೆ ಮನೆ ಇದೆ, ಕಲ್ಲು ಇದೆ, ಕಡತ ಇದೆ. ಈಗ ಅದೇ ಪ್ರಶ್ನೆಯನ್ನು ಕೋಲಾರದಿಂದಲೋ ಮಡಿಕೇರಿಯಿಂದಲೋ ಹೋದ ಒಬ್ಬ ಸಿಪಾಯಿಯ ಬಗ್ಗೆ ಕೇಳಿ ನೋಡಿ. ಜಾಲತಾಣದ ನಿಜವಾದ ಪರೀಕ್ಷೆ ಶುರುವಾಗುವುದು ಆಗ.

ಹಿನ್ನೆಲೆ ಸ್ವಲ್ಪ ಗೊತ್ತಿದ್ದರೆ ಹುಡುಕುವುದು ಸುಲಭ. ಭಾರತೀಯ ಸೇನೆಯ ಅತಿ ಹೆಚ್ಚು ಜನ ಹೋದದ್ದು ಮೆಸೊಪೊಟೇಮಿಯಕ್ಕೆ, ಎಂದರೆ ಇಂದಿನ ಇರಾಕಿಗೆ. ಬ್ರಿಟಿಷ್ ಮತ್ತು ಭಾರತೀಯ ಪಡೆಗಳೆರಡನ್ನೂ ಸೇರಿಸಿದ ಅಧಿಕೃತ ಲೆಕ್ಕದಲ್ಲಿ ಅಲ್ಲಿ ಕದನದಲ್ಲಿ ಸತ್ತವರು ಸುಮಾರು 11,000, ಕಾಯಿಲೆಯಿಂದ ಸತ್ತವರು ಸುಮಾರು 12,700. ಸೈನ್ಯ ಟೈಗ್ರಿಸ್ ನದಿಗುಂಟ ಮೇಲಕ್ಕೆ ಹೋಯಿತು, ಸಾಮಾನು ಸಾಗಿಸುವ ದೋಣಿಗಳು ಸಾಲಲಿಲ್ಲ. ಗುಂಡು, ಹಿಟ್ಟು, ಕುದುರೆ ಮೇವು ತುಂಬಿದ ಮೇಲೆ ತರಕಾರಿಗೆ ಜಾಗ ಉಳಿಯಲಿಲ್ಲ. ಹಿಟ್ಟು, ಬೇಳೆ, ತುಪ್ಪದ ಮೇಲೆ ಬದುಕಿದ ಭಾರತೀಯ ಸಿಪಾಯಿಗಳಿಗೆ ತಾಜಾ ತರಕಾರಿ, ಹಣ್ಣಿಲ್ಲದೆ ಬರುವ ಸ್ಕರ್ವಿ ಹತ್ತಿತು. ಅದೇ ಹೊತ್ತಿಗೆ ಬಿಳಿ ಹಿಟ್ಟಿನ ರೊಟ್ಟಿ ತಿಂದ ಬ್ರಿಟಿಷ್ ಸೈನಿಕರಿಗೆ ಬೆರಿಬೆರಿ. ಹೊಟ್ಟು ತೆಗೆಯದ ಗೋಧಿಹಿಟ್ಟು ನಮ್ಮವರನ್ನು ಬೆರಿಬೆರಿಯಿಂದ ಕಾಪಾಡಿತು, ಸ್ಕರ್ವಿಯಿಂದ ಕಾಪಾಡಲಿಲ್ಲ. ಅದರ ಮೇಲೆ ನದಿ ನೀರಿನ ಆಮಶಂಕೆ, ಕಾಲರಾ, ಬಿಸಿಲಿನ ಹೊಡೆತ. ಸೇನಾಧಿಪತಿ ಜನರಲ್ ಮಾಡ್ ಕೂಡ 1917ರ ನವೆಂಬರಿನಲ್ಲಿ ಬಾಗ್ದಾದಿನಲ್ಲಿ ಸತ್ತದ್ದು ಕಾಲರಾದಿಂದಲೇ. ಅವರಿಗೆ ಬಾಗ್ದಾದ್ ನಾರ್ತ್ ಗೇಟ್ ಸ್ಮಶಾನದಲ್ಲಿ ದೊಡ್ಡ ಗೋರಿ ಇದೆ.

ಇನ್ನು ಹುಡುಕುವ ಕ್ರಮ. ಮುಖಪುಟದ ಚಿಕ್ಕ ಪೆಟ್ಟಿಗೆಯಲ್ಲಿ ಹೆಸರು ಹಾಕಿ ಒತ್ತಬೇಡಿ. ಅಡ್ವಾನ್ಸ್ಡ್ ಸರ್ಚ್‌ಗೆ ಹೋಗಿ, ಹೆಸರಿನ ಜಾಗಗಳನ್ನು ಖಾಲಿ ಬಿಡಿ. ಸೇವೆ ಎಲ್ಲಿ ಎಂಬಲ್ಲಿ ಇಂಡಿಯನ್, ಯುದ್ಧ ಎಂಬಲ್ಲಿ ಫಸ್ಟ್ ವರ್ಲ್ಡ್ ವಾರ್ ಆರಿಸಿ. ಆಮೇಲೆ ‘ಅಡಿಷನಲ್ ಇನ್ಫರ್ಮೇಷನ್’ ಎಂಬ ಪೆಟ್ಟಿಗೆಯಲ್ಲಿ ಊರು ಅಥವಾ ಜಿಲ್ಲೆ ಹಾಕಿ. ಇಡೀ ಜಾಲತಾಣದಲ್ಲಿ ನಮ್ಮ ಕೆಲಸಕ್ಕೆ ಅತಿ ಹೆಚ್ಚು ಬರುವ ಪೆಟ್ಟಿಗೆ ಇದು, ಜನ ಮುಟ್ಟದೇ ಬಿಡುವುದೂ ಇದನ್ನೇ. ಭಾರತೀಯ ದಾಖಲೆಗಳಲ್ಲಿ ‘ಇಂಥವನ ಮಗ, ಇಂಥ ಊರು, ಇಂಥ ಜಿಲ್ಲೆ’ ಎಂಬ ಸಾಲು ಇದ್ದರೆ ಅದು ಕೂತಿರುವುದು ಇಲ್ಲಿ.

ಜಿಲ್ಲೆಯ ಹೆಸರು ಆ ಕಾಲದ್ದೇ ಆಗಿರಬೇಕು, ಕಾಗುಣಿತವೂ ಆ ಕಾಲದ್ದೇ. ಚಿಕ್ಕಮಗಳೂರು ಕಡೆಯವರನ್ನು ಕಡೂರು ಜಿಲ್ಲೆಯಡಿ ಹುಡುಕಿ. ಚಿತ್ರದುರ್ಗ ಆಗ ಚಿತಲ್‌ಡ್ರೂಗ್. ಮಡಿಕೇರಿ ಮರ್ಕಾರ, ಕೊಡಗು ಕೂರ್ಗ್. ಮಂಗಳೂರು, ಉಡುಪಿ, ಪುತ್ತೂರು ಎಲ್ಲ ಸೌತ್ ಕೆನರಾ, ಅದು ಮದ್ರಾಸ್ ಪ್ರಾಂತ್ಯ. ಬಳ್ಳಾರಿಯೂ ಮದ್ರಾಸಿನದೇ, ಕೊಳ್ಳೇಗಾಲ ಕೊಯಮತ್ತೂರು ಜಿಲ್ಲೆಯದು. ಧಾರವಾಡ, ಬೆಳಗಾವಿ, ಬಿಜಾಪುರ ಮುಂಬೈ ಪ್ರಾಂತ್ಯ. ರಾಯಚೂರು, ಗುಲ್ಬರ್ಗ, ಬೀದರ್ ನಿಜಾಮರ ಹೈದರಾಬಾದು. ಮೈಸೂರು ಎಂದು ಹಾಕಿದರೆ ಇಡೀ ಸಂಸ್ಥಾನದವರು ಬರುತ್ತಾರೆ, ಅಲ್ಲಿಂದ ಶುರು ಮಾಡುವುದೇ ವಾಸಿ. ಇಂಡಿಯನ್ ಎಂಬ ಸೋಸಣಿಕೆ ಹಾಕದೆ ಬೆಂಗಳೂರು ಎಂದು ಕೊಟ್ಟರೆ ದಂಡು ಪ್ರದೇಶದಲ್ಲಿ ತಂದೆತಾಯಿ ಇದ್ದ ಇಂಗ್ಲಿಷ್ ಹುಡುಗರ ಹೆಸರುಗಳೂ ಬಂದು ಬೀಳುತ್ತವೆ, ಗೊಂದಲ.

ಬಂದ ಪಟ್ಟಿಯನ್ನು ಪರದೆಯ ಮೇಲೆ ಓದುತ್ತಾ ಕೂರಬೇಡಿ. ಫಲಿತಾಂಶವನ್ನು ಎಕ್ಸೆಲ್ ಹಾಳೆಯಾಗಿ ಇಳಿಸಿಕೊಳ್ಳುವ ಸೌಲಭ್ಯ ಇದೆ. ಇಳಿಸಿಕೊಂಡು ರೆಜಿಮೆಂಟಿನ ಕಾಲಮ್ಮಿನ ಪ್ರಕಾರ, ಆಮೇಲೆ ತಾರೀಖಿನ ಪ್ರಕಾರ ಜೋಡಿಸಿಕೊಳ್ಳಿ. ಹೆಸರು ನೋಡುವುದು ಕೊನೆಗೆ. ಕಾರಣ ಇಷ್ಟೇ: ನಮ್ಮವರ ಹೆಸರಿಗೆ ಮನೆತನದ ಹೆಸರು, ಸ್ವಂತ ಹೆಸರು ಎಂಬ ವಿಂಗಡಣೆ ಇರಲಿಲ್ಲ. ಗುಮಾಸ್ತ ಇದ್ದ ಒಂದು ಹೆಸರನ್ನು ಸರ್‌ನೇಮ್ ಪೆಟ್ಟಿಗೆಗೆ ತುರುಕಿದ. ಫಾರ್‌ನೇಮ್ ಪೆಟ್ಟಿಗೆಯಲ್ಲಿ ಹುಡುಕಿದರೆ ಏನೂ ಬರುವುದಿಲ್ಲ. ಕಾಗುಣಿತವಂತೂ ಕೇಳಬೇಡಿ. ಸ್ವಾಮಿ ಎಂಬುದು ಸಾಮಿ ಆಗಿರುತ್ತದೆ, ಸಾಮಿಯಲ್ಲಿ ಎ ಜೊತೆ ಡಬ್ಲ್ಯು ಸೇರಿರುತ್ತದೆ, ಮುನಿ ಎಂಬಲ್ಲಿ ಯು ಬದಲು ಎರಡು ಓ, ಅಯ್ಯ ಎಂಬಲ್ಲಿ ಐ ಅಥವಾ ವೈ, ವೆಂಕಟ ಎಂಬಲ್ಲಿ ಕೆ ಬದಲು ಸಿ. ಕನ್ನಡದ ಹೆಸರನ್ನು ತಮಿಳು ಹವಾಲ್ದಾರ ಹೇಳಿ ಇಂಗ್ಲಿಷ್ ಗುಮಾಸ್ತ ಬರೆದುಕೊಂಡ ಹಾಗೆ ಜೋರಾಗಿ ಓದಿ ನೋಡಿದರೆ ಅರ್ಧ ಹೆಸರುಗಳು ತಾವಾಗಿ ಬಿಚ್ಚಿಕೊಳ್ಳುತ್ತವೆ. ಕೊನೆಯ ಅಕ್ಷರಗಳನ್ನು ಬಿಟ್ಟು ಮೊದಲ ನಾಲ್ಕೈದು ಅಕ್ಷರಗಳಿಂದ ಹುಡುಕುವುದು ಇನ್ನೊಂದು ಉಪಾಯ.

ರೆಜಿಮೆಂಟಿನಲ್ಲೂ ಒಂದು ಹಳ್ಳ ಇದೆ. ಮನೆಯಲ್ಲಿ ಎಲ್ಲರೂ ಹೇಳುವುದು ‘ಮದ್ರಾಸ್ ಸ್ಯಾಪರ್ಸ್’, ಬೆಂಗಳೂರಿನ ಹಲಸೂರಿನ ಬಳಿ ಇವತ್ತಿಗೂ ಇರುವ ಎಂಜಿನಿಯರ್ ಪಡೆ. ಆದರೆ ಮೊದಲ ಯುದ್ಧದ ಕಾಲಕ್ಕೆ ಅದರ ಹೆಸರು 2ನೇ ಕ್ವೀನ್ ವಿಕ್ಟೋರಿಯಾಸ್ ಓನ್ ಸ್ಯಾಪರ್ಸ್ ಅಂಡ್ ಮೈನರ್ಸ್. ಅದರಲ್ಲಿ ಮದ್ರಾಸ್ ಎಂಬ ಪದವೇ ಇಲ್ಲ. ‘ಪಯೋನಿಯರ್’ (ದಾರಿ ಮಾಡುವ ಕೆಲಸವನ್ನೂ ಮಾಡುತ್ತಿದ್ದ ಕಾಲಾಳು) ಎಂದು ಮಾತ್ರ ಗೊತ್ತಿದ್ದರೆ 61ನೇ ಮತ್ತು 64ನೇ ಪಯೋನಿಯರ್ಸ್ ಎರಡನ್ನೂ ನೋಡಿ. 61ನೆಯದು 1914ರಲ್ಲಿ ಪೂರ್ವ ಆಫ್ರಿಕಾದ ಟಾಂಗಾಕ್ಕೆ ಹೋದ ಪಡೆ, 64ನೆಯದು ಮೆಸೊಪೊಟೇಮಿಯದಲ್ಲಿತ್ತು. ‘ಮದ್ರಾಸ್ ರೆಜಿಮೆಂಟ್’ ಎಂಬ ಹೆಸರು 1922ರ ಮರುಜೋಡಣೆಯ ಆಚೆಯದು. ಮೊದಲ ಯುದ್ಧಕ್ಕೆ 80ನೇ, 83ನೇ, 88ನೇ ಎಂಬಂಥ ನಂಬರುಗಳಿಂದಲೇ ಹುಡುಕಬೇಕು. ಮೈಸೂರು ಮಹಾರಾಜರ ಕುದುರೆ ಪಡೆ ಬೇಕಿದ್ದರೆ ಇಂಪೀರಿಯಲ್ ಸರ್ವೀಸ್ ಟ್ರೂಪ್ಸ್ ಎಂಬ ಗುಂಪಿನಲ್ಲಿ ಮೈಸೂರು ಲ್ಯಾನ್ಸರ್ಸ್.

ಎಲ್ಲರೂ ಸಿಪಾಯಿಗಳೇ ಆಗಿರಲಿಲ್ಲ ಎಂಬುದನ್ನು ಮರೆಯಬಾರದು. ಹೊರೆ ಹೊತ್ತವರು, ಹೇಸರಗತ್ತೆ ಹೊಡೆದವರು, ಡೋಲಿ ಹೊತ್ತವರು, ಅಡುಗೆಯವರು, ನೀರು ಹೊರುವ ಭಿಸ್ತಿಗಳು, ಆಸ್ಪತ್ರೆಯ ಜಾಡಮಾಲಿಗಳು, ಇವರೆಲ್ಲ ‘ಫಾಲೋವರ್’ ಲೆಕ್ಕದಲ್ಲಿ ಬರುತ್ತಾರೆ. ಸಿಪಾಯಿ ಎಂಬ ದರ್ಜೆ ಹಾಕಿ ಸೋಸಿದರೆ ಇವರು ಜರಡಿಯಿಂದ ಉದುರಿಹೋಗುತ್ತಾರೆ. ದರ್ಜೆಯ ಪೆಟ್ಟಿಗೆ ಖಾಲಿ ಬಿಡುವುದೇ ಕ್ಷೇಮ. ಕುದುರೆ ಪಡೆಯವರು ಸವಾರ್, ಸ್ಯಾಪರ್ಸ್‌ನವರು ಸ್ಯಾಪರ್, ಸಾರಿಗೆಯವರು ಡ್ರೈವರ್ ಎಂದಿರುತ್ತಾರೆ.

ಹೆಸರು ಸಿಕ್ಕಿತು ಎನ್ನಿ. ಪುಟದಲ್ಲಿ ದರ್ಜೆ, ಸೇವಾ ಸಂಖ್ಯೆ, ಪಡೆ, ತೀರಿಕೊಂಡ ದಿನ, ಸ್ಮಾರಕದ ಹೆಸರು, ಪ್ಯಾನೆಲ್ ನಂಬರ್ (ಸ್ಮಾರಕದ ಗೋಡೆಯ ಎಷ್ಟನೇ ಫಲಕ ಎಂಬುದು) ಇರುತ್ತದೆ. ವಯಸ್ಸು ಬಹುಪಾಲು ಖಾಲಿ. ಮೆಸೊಪೊಟೇಮಿಯದವರಾದರೆ ಸ್ಮಾರಕ ಹೆಚ್ಚಾಗಿ ಬಸ್ರಾ ಮೆಮೋರಿಯಲ್. ಅದರಲ್ಲಿ 40,000ಕ್ಕೂ ಹೆಚ್ಚು ಜನರ ಲೆಕ್ಕ ಇದೆ. ಪ್ಯಾನೆಲ್ ನಂಬರ್ ನೋಡಿದ ತಕ್ಷಣ ಹೆಸರು ಕಲ್ಲಿನ ಮೇಲಿದೆ ಎಂದುಕೊಳ್ಳುತ್ತೇವೆ. ಇಲ್ಲ! ಬಸ್ರಾದಲ್ಲಿ ಬ್ರಿಟಿಷ್ ಸೈನಿಕರ ಹೆಸರು ಕೆತ್ತಿದರು, ಭಾರತೀಯ ಅಧಿಕಾರಿಗಳ ಹೆಸರು ಕೆತ್ತಿದರು. ಭಾರತೀಯ ಸಿಪಾಯಿಗಳದ್ದು ಪಡೆಯ ಹೆಸರಿನ ಕೆಳಗೆ ಇಷ್ಟು ಮಂದಿ ಎಂಬ ಅಂಕಿ ಮಾತ್ರ. ಮೂವತ್ತು ಸಾವಿರಕ್ಕೂ ಹೆಚ್ಚು ಜನ ಹೀಗೆ ಅಂಕಿಯಾಗಿ ಹೋದರು. ಹೆಸರುಗಳು ರಿಜಿಸ್ಟರಿನಲ್ಲಿದ್ದವು, ಅಲ್ಲಿಂದ ಜಾಲತಾಣಕ್ಕೆ ಬಂದವು. ಪುಟ ಹೇಳುವ ಪ್ಯಾನೆಲ್ ಎಂದರೆ ಆ ಅಂಕಿ ಇರುವ ಜಾಗ. ಇದನ್ನು ಪುಟದ ಮೇಲೇ ಒಂದು ಸಾಲಿನಲ್ಲಿ ಬರೆದಿದ್ದರೆ ಎಷ್ಟೋ ಕುಟುಂಬಗಳಿಗೆ ತಪ್ಪು ಕಲ್ಪನೆ ತಪ್ಪುತ್ತಿತ್ತು. ಈ ಸೇವೆಯಲ್ಲಿ ಅಂಕ ಕಳೆಯಲೇಬೇಕಾದ ಜಾಗ ಯಾವುದಾದರೂ ಇದ್ದರೆ ಇದು. ಫ್ರಾನ್ಸಿನ ನವ್ ಶಪೆಲ್ ಸ್ಮಾರಕದಲ್ಲಿ ಹೀಗಾಗಲಿಲ್ಲ, ಅಲ್ಲಿ 4,700ಕ್ಕೂ ಹೆಚ್ಚು ಭಾರತೀಯರ ಹೆಸರುಗಳು ಕಲ್ಲಿನಲ್ಲೇ ಇವೆ. ಯುರೋಪಿನಲ್ಲಿ ಸತ್ತವನಿಗೆ ಹೆಸರು, ಏಷ್ಯಾದಲ್ಲಿ ಸತ್ತವನಿಗೆ ಅಂಕಿ.

ಕಮಿಷನ್ 2021ರ ಏಪ್ರಿಲ್‌ನಲ್ಲಿ ತನ್ನದೇ ವಿಶೇಷ ಸಮಿತಿಯ ವರದಿ ಹೊರತಂದು ಇದನ್ನೆಲ್ಲ ಒಪ್ಪಿಕೊಂಡು ಕ್ಷಮೆ ಕೇಳಿತು. 45,000ದಿಂದ 54,000 ಜನರನ್ನು ಅಸಮಾನವಾಗಿ ಸ್ಮರಿಸಲಾಗಿದೆ, ಕನಿಷ್ಠ 1,16,000 ಜನರ, ಬಹುಶಃ 3,50,000 ಜನರವರೆಗೂ, ಹೆಸರೇ ಎಲ್ಲೂ ಇಲ್ಲ ಎಂದಿತು. ಈ ಎರಡನೇ ಗುಂಪಿನಲ್ಲಿ ಹೆಚ್ಚಿನವರು ಪೂರ್ವ ಆಫ್ರಿಕಾ ಮತ್ತು ಈಜಿಪ್ಟಿನ ಜನ. ಪೂರ್ವ ಆಫ್ರಿಕಾದಲ್ಲಿ ಹೊರೆ ಹೊತ್ತು ಮಲೇರಿಯಾ, ಭೇದಿಯಿಂದ ಸತ್ತವರ ಪಟ್ಟಿಯನ್ನೇ ಯಾರೂ ಸರಿಯಾಗಿ ಇಡಲಿಲ್ಲ.

ಬಸ್ರಾಗೆ ಹೋಗಿ ನೋಡುತ್ತೇವೆ ಎನ್ನುವವರಿಗೆ ಇನ್ನೂ ಎರಡು ಮಾತು. 1929ರಲ್ಲಿ ಉದ್ಘಾಟನೆಯಾದ ಸ್ಮಾರಕ ಮೊದಲು ಇದ್ದುದು ಬಂದರಿನ ಬಳಿ. 1997ರಲ್ಲಿ ಸದ್ದಾಂ ಹುಸೇನರ ಆದೇಶದ ಮೇಲೆ ಅದನ್ನು ಇಡಿಯಾಗಿ ಬಿಚ್ಚಿ ನಾಸಿರಿಯಾ ರಸ್ತೆಯಲ್ಲಿ ಸುಮಾರು 32 ಕಿಲೋಮೀಟರ್ ಆಚೆ, ಮರುಭೂಮಿಯಲ್ಲಿ ನಿಲ್ಲಿಸಿದರು. ಹಳೆಯ ನಕ್ಷೆ ಹಿಡಿದು ಹೋದರೆ ಸಿಗುವುದಿಲ್ಲ. ಇರಾಕಿನ ಪರಿಸ್ಥಿತಿಯಿಂದಾಗಿ ಅಲ್ಲಿನ ಸ್ಮಶಾನಗಳ ನಿರ್ವಹಣೆ ಬಹುಕಾಲ ನಿಂತುಹೋಗಿತ್ತು. ಬದಲಿಗೆ ಎಲ್ಲ ಹೆಸರುಗಳ ಎರಡು ಸಂಪುಟದ ಪುಸ್ತಕ ಮಾಡಿ ಇಂಗ್ಲೆಂಡಿನ ಮೇಡನ್‌ಹೆಡ್‌ನ ಕೇಂದ್ರ ಕಚೇರಿಯಲ್ಲಿ ಇಟ್ಟರು. ಇಂಗ್ಲೆಂಡಿನಲ್ಲಿರುವವರಿಗೆ ಇದು ಅನುಕೂಲ.

ಅಮಾರಾ ಎಂಬ ಊರಿನ ಹೆಸರು ಕಂಡರೆ ಸ್ವಲ್ಪ ನಿಧಾನಿಸಿ. ಟೈಗ್ರಿಸ್ ದಂಡೆಯ ಈ ಊರು ಆಸ್ಪತ್ರೆಗಳ ಕೇಂದ್ರವಾಗಿತ್ತು. ಕಾಯಿಲೆ ಬಿದ್ದವರು ಮೇಲಿನಿಂದ ದೋಣಿಯಲ್ಲಿ ಬಂದು ಸೇರುತ್ತಿದ್ದುದು ಇಲ್ಲಿಗೆ. ಇಲ್ಲಿನ ಮುಖ್ಯ ಸ್ಮಶಾನದಲ್ಲಿ 4,600ಕ್ಕೂ ಹೆಚ್ಚು ಸಮಾಧಿಗಳಿವೆ, ನೆಟ್ಟ ಕಲ್ಲು ಮಾತ್ರ ಇಲ್ಲ. ಮಣ್ಣಿನಲ್ಲಿದ್ದ ಉಪ್ಪು ಕಲ್ಲನ್ನು ತಿಂದುಹಾಕುತ್ತಿತ್ತು, 1933ರಲ್ಲಿ ಎಲ್ಲವನ್ನೂ ಕಿತ್ತು, ಹೆಸರುಗಳನ್ನು ಒಂದು ಗೋಡೆಯ ಮೇಲೆ ಕೆತ್ತಿದರು. ನದಿಯ ಎಡದಂಡೆಯಲ್ಲಿ ಬೇರೆಯೇ ಒಂದು ಭಾರತೀಯ ಸ್ಮಶಾನ ಇದೆ. ಸುಮಾರು 5,000 ಭಾರತೀಯರು ಅಲ್ಲಿದ್ದಾರೆ. ಗುರುತು ಸಿಕ್ಕಿರುವುದು 9 ಜನರದ್ದು. ಆಗಿನ ಸೇನಾ ಅಧಿಕಾರಿಗಳು ಯಾರನ್ನು ಎಲ್ಲಿ ಹೂಳಿದೆವು ಎಂಬ ಪೂರ್ತಿ ದಾಖಲೆ ಇಡಲಿಲ್ಲ ಎಂದು ಕಮಿಷನ್ ತಾನೇ ಬರೆದುಕೊಂಡಿದೆ. ಅಮಾರಾದಲ್ಲಿ ಸತ್ತ ನಿಮ್ಮವರ ಹೆಸರು ಬಸ್ರಾ ಸ್ಮಾರಕದ ಪಟ್ಟಿಯಲ್ಲಿದ್ದು, ದೇಹ ಈ 5,000ದಲ್ಲಿ ಒಂದಾಗಿರಬಹುದು. ದಹನ ಮಾಡಿದ್ದರೆ ಅದೂ ಇಲ್ಲ. ಹಿಂದೂ ಸಿಪಾಯಿಗಳನ್ನು ಸಾಧ್ಯವಾದಲ್ಲೆಲ್ಲ ಸುಡುತ್ತಿದ್ದುದರಿಂದ ಸಮಾಧಿ ಸಂಖ್ಯೆ ಹುಡುಕುವುದೇ ವ್ಯರ್ಥ, ಸ್ಮಾರಕವನ್ನೇ ಹುಡುಕಬೇಕು.

ಮೈಸೂರು ಲ್ಯಾನ್ಸರ್ಸ್‌ನವರನ್ನು ಎಲ್ಲರೂ ಇಂದಿನ ಇಸ್ರೇಲಿನ ಹೈಫಾದಲ್ಲಿ ಹುಡುಕುತ್ತಾರೆ. 1918ರ ಸೆಪ್ಟೆಂಬರ್ 23ರ ಆ ಕುದುರೆ ದಾಳಿ ಅಷ್ಟು ಪ್ರಸಿದ್ಧ. ಆದರೆ ಈಜಿಪ್ಟ್, ಪ್ಯಾಲಸ್ತೀನ್ ಕಡೆ ಸಮಾಧಿ ಇಲ್ಲದೆ ಹೋದ ಭಾರತೀಯರ ಸ್ಮಾರಕ ಇರುವುದು ಕೈರೋದ ಹೀಲಿಯೋಪೊಲಿಸ್‌ನಲ್ಲಿ. ಮೂಲ ಸ್ಮಾರಕ ಸೂಯೆಜ್ ಕಾಲುವೆಯ ದಕ್ಷಿಣ ತುದಿಯ ಪೋರ್ಟ್ ತೌಫೀಕ್‌ನಲ್ಲಿತ್ತು. 1967ರಿಂದ 1973ರ ನಡುವಿನ ಅರಬ್ ಇಸ್ರೇಲ್ ಕದನಗಳಲ್ಲಿ ಹಾಳಾಯಿತು. 1980ರಲ್ಲಿ ಸುಮಾರು 4,000 ಹೆಸರುಗಳನ್ನು ಹೀಲಿಯೋಪೊಲಿಸ್ ಸ್ಮಶಾನದಲ್ಲಿ ಮತ್ತೆ ಬರೆಸಿದರು. ಅದಕ್ಕೇ ಪುಟದಲ್ಲಿ ಎರಡೂ ಊರಿನ ಹೆಸರು ಒಟ್ಟಿಗೆ ಕಾಣುತ್ತದೆ, ಗಾಬರಿ ಬೇಡ. ಜಾಲತಾಣದಲ್ಲಿ ಸಿಕ್ಕ ಹೆಸರನ್ನು ಬೆಂಗಳೂರಿನ ಜೆ.ಸಿ. ನಗರದಲ್ಲಿರುವ ಮೈಸೂರು ಲ್ಯಾನ್ಸರ್ಸ್ ಸ್ಮಾರಕದ ಜೊತೆ ತಾಳೆ ನೋಡಬಹುದು.

ಕಾಯಿಲೆ ಯಾವುದು ಎಂದು ತಿಳಿಯಲು ಜಾಲತಾಣದಿಂದ ಹೊರಗೆ ಹೋಗಲೇಬೇಕು. ಭಾರತದ ರಾಷ್ಟ್ರೀಯ ಪತ್ರಾಗಾರದ ಅಭಿಲೇಖ್ ಪಟಲ್ ತಾಣದಲ್ಲಿ ಮೊದಲ ಯುದ್ಧದ ವಾರ್ ಡೈರಿಗಳು, ಎಂದರೆ ಪಡೆಗಳು ದಿನದಿನವೂ ಬರೆದಿಟ್ಟ ದಿನಚರಿಗಳು, ಸ್ಕ್ಯಾನ್ ಆಗಿವೆ. ಹುಡುಕುವಾಗ ಪಡೆಯ ಅಕ್ಷರ ಗೊತ್ತಿರಬೇಕು: ಇಂಡಿಯನ್ ಎಕ್ಸ್‌ಪೆಡಿಷನರಿ ಫೋರ್ಸ್ ‘ಎ’ ಎಂದರೆ ಫ್ರಾನ್ಸ್, ‘ಬಿ’ ಮತ್ತು ‘ಸಿ’ ಪೂರ್ವ ಆಫ್ರಿಕಾ, ‘ಡಿ’ ಮೆಸೊಪೊಟೇಮಿಯ, ‘ಇ’ ಈಜಿಪ್ಟ್. ಸಾಮಾನ್ಯ ಸಿಪಾಯಿಯ ಹೆಸರು ಡೈರಿಯಲ್ಲಿ ಬರುವುದು ಅಪರೂಪ. ಬರುವುದು ದಿನದ ಲೆಕ್ಕ: ಎಷ್ಟು ಜನ ಆಸ್ಪತ್ರೆಗೆ ಹೋದರು, ಕಾಲರಾ ಕಂಡಿತೇ, ಆ ವಾರ ಕದನ ನಡೆಯಿತೇ. ನಿಮ್ಮವರು ತೀರಿಕೊಂಡ ದಿನದ ಹಿಂದೆಮುಂದೆ ಆ ಪಡೆ ಯಾವ ಕದನದಲ್ಲೂ ಇರಲಿಲ್ಲ, ಶಿಬಿರದಲ್ಲಿ ಕಾಯಿಲೆ ಹಬ್ಬಿತ್ತು ಎಂದು ಕಂಡರೆ ಊಹೆಗೆ ಬಲ ಬರುತ್ತದೆ. ಊಹೆ ಊಹೆಯೇ. ಹಳೆಯ ಗಾಯ ಕೆಟ್ಟು ತಿಂಗಳ ಮೇಲೆ ಸತ್ತವರೂ ಇದ್ದಾರೆ. 1916ರ ಏಪ್ರಿಲ್ 29ರಂದು ಮೆಸೊಪೊಟೇಮಿಯದ ಕುಟ್‌ನಲ್ಲಿ ತುರ್ಕರಿಗೆ ಶರಣಾಗಿ ಸೆರೆಹೋದವರ ವಿಷಯದಲ್ಲಿ ತಾರೀಖನ್ನೂ ನೆಚ್ಚಿಕೊಳ್ಳುವಂತಿಲ್ಲ. ಅನತೋಲಿಯದ (ಇಂದಿನ ಟರ್ಕಿಯ) ದಾರಿಯಲ್ಲಿ ಯಾರು ಯಾವತ್ತು ಬಿದ್ದರು ಎಂದು ಬರೆದುಕೊಳ್ಳುವವರು ಜೊತೆಗಿರಲಿಲ್ಲ.

ಎರಡನೇ ಯುದ್ಧದವರಿಗೆ ಜಾಲತಾಣ ಎಷ್ಟೋ ಮೇಲು. ಭಾರತದೊಳಗೇ ತೀರಿಕೊಂಡವರಿದ್ದರೆ ದೆಹಲಿ/ಕರಾಚಿ 1939–1945 ಸ್ಮಾರಕ ನೋಡಿ, 25,000ಕ್ಕೂ ಹೆಚ್ಚು ಹೆಸರುಗಳಿವೆ. ಬರ್ಮಾದಲ್ಲಿ ಹೋದವರಿಗೆ ತೌಕ್ಯಾನ್‌ನ ರಂಗೂನ್ ಮೆಮೋರಿಯಲ್, ಸುಮಾರು 27,000 ಹೆಸರುಗಳು.

ತಪ್ಪು ಕಂಡರೆ ತಿದ್ದಿಸಬಹುದು. ತಂದೆಯ ಹೆಸರಿನ ಕಾಗುಣಿತ, ಊರಿನ ಹೆಸರಿನಂಥವುಗಳಿಗೆ ಅರ್ಜಿ ಹಾಕುವ ದಾರಿ ಜಾಲತಾಣದಲ್ಲೇ ಇದೆ. ಅರ್ಜಿಯ ಜೊತೆ ಆ ಕಾಲದ ಕಾಗದ ಬೇಕು: ಪಿಂಚಣಿ ಪತ್ರ, ಡಿಸ್ಚಾರ್ಜ್ ಸರ್ಟಿಫಿಕೇಟು, ಪದಕದ ಅಂಚಿನ ಮೇಲೆ ಕೊರೆದ ಸಂಖ್ಯೆ ಮತ್ತು ಹೆಸರಿನ ಫೋಟೊ. ಪದಕದ ಅಂಚನ್ನು ಬಹಳ ಮನೆಗಳಲ್ಲಿ ಯಾರೂ ತಿರುಗಿಸಿಯೇ ನೋಡಿರುವುದಿಲ್ಲ. ಸೇವಾ ಸಂಖ್ಯೆ, ದರ್ಜೆ, ಹೆಸರು, ಪಡೆ ಎಲ್ಲ ಅಲ್ಲೇ ಸಣ್ಣ ಅಕ್ಷರದಲ್ಲಿರುತ್ತದೆ. ಹುಣಸೆಹಣ್ಣು ಹಾಕಿ ತಿಕ್ಕಬೇಡಿ, ಅಕ್ಷರ ಸವೆದುಹೋಗುತ್ತದೆ. ಓರೆ ಬೆಳಕಿನಲ್ಲಿ ಫೋಟೊ ತೆಗೆದರೆ ಓದಲು ಬರುತ್ತದೆ. ಮೊಮ್ಮಕ್ಕಳು ಹೇಳುವ ಮಾತು, ಹಳೆಯ ಫೋಟೊ ಇವಿಷ್ಟರಿಂದ ದಾಖಲೆ ತಿದ್ದುವುದಿಲ್ಲ. ಆ ಬಿಗಿ ಸರಿಯೇ, ಇಲ್ಲದಿದ್ದರೆ ಒಂದೇ ಹೆಸರಿನ ಇಬ್ಬರು ಕಲಸಿಹೋಗುತ್ತಾರೆ.

ಹೆಸರೇ ಇಲ್ಲದಿದ್ದರೆ ಹೊಸದಾಗಿ ಸೇರಿಸಲು ಬೇರೆ ಅರ್ಜಿ. ಮೂರು ಸಂಗತಿ ತೋರಿಸಬೇಕು: ಸೇವೆಯಲ್ಲಿದ್ದರು, ಅವಧಿಯೊಳಗೆ ತೀರಿಕೊಂಡರು, ಬಿಡುಗಡೆಯಾದ ಮೇಲೆ ಸತ್ತಿದ್ದರೆ ಸೇವೆಯ ಕಾಯಿಲೆಯಿಂದಲೇ ಸತ್ತರು. ಮೂರನೆಯದೇ ಕಗ್ಗಂಟು. 1918ರ ಇನ್‌ಫ್ಲುಯೆಂಜಾದಲ್ಲಿ ಊರಿಗೆ ಬಂದು ಸತ್ತ ಸಿಪಾಯಿಗೆ ಆ ಜ್ವರ ಬ್ಯಾರಕಿನಲ್ಲಿ ಹತ್ತಿತೋ ಊರ ಸಂತೆಯಲ್ಲಿ ಹತ್ತಿತೋ ಎಂದು ತೋರಿಸುವ ಕಾಗದ ಯಾರ ಬಳಿಯೂ ಇರುವುದಿಲ್ಲ. ಪಿಂಚಣಿ ಕಡತದಲ್ಲಿ ಸಾವು ಸೇವೆಗೆ ಸಂಬಂಧಿಸಿದ್ದು ಎಂದು ಒಪ್ಪಿ ವಿಧವೆಗೆ ಕೊಟ್ಟ ಆದೇಶ ಇದ್ದರೆ ಅದಕ್ಕಿಂತ ಗಟ್ಟಿ ಪುರಾವೆ ಇಲ್ಲ. ಅದನ್ನು ಮೊದಲು ಹುಡುಕಿ, ಆಮೇಲೆ ಅರ್ಜಿ.

ಪ್ರತಿ ಹೆಸರಿನ ಪುಟದಲ್ಲೂ ಒಂದು ಸ್ಮರಣ ಪತ್ರ ಇಳಿಸಿಕೊಳ್ಳಲು ಸಿಗುತ್ತದೆ, ಪುಕ್ಕಟೆ. ಎ4 ಹಾಳೆಯಲ್ಲಿ ಮುದ್ರಿಸಿ ಚೌಕಟ್ಟು ಹಾಕಿಸಬಹುದು. ಕುಟುಂಬದವರು ಕಥೆ, ಫೋಟೊ ಸೇರಿಸಲು ‘ಫಾರ್ ಎವರ್‌ಮೋರ್’ ಎಂಬ ವಿಭಾಗ ಇದೆ. ಭಾರತೀಯರ ಕಥೆಗಳು ಅಲ್ಲಿ ಇನ್ನೂ ಹೆಚ್ಚಬೇಕು. ಸಮಾಧಿ ಕಲ್ಲಿನ ಫೋಟೊ ಬೇಕಿದ್ದರೆ ವಾರ್ ಗ್ರೇವ್ಸ್ ಫೋಟೋಗ್ರಾಫಿಕ್ ಪ್ರಾಜೆಕ್ಟ್ ಎಂಬ ಬೇರೆ ಸಂಸ್ಥೆಯನ್ನು ಕೇಳಬೇಕು. ಪುಟದ ಕೆಳಗಿನ ಹಳೆಯ ಕಾಗದಗಳ ಸ್ಕ್ಯಾನ್‌ಗಳನ್ನು ಮಾತ್ರ ಬಿಡಬೇಡಿ. ಸಮಾಧಿ ಇದ್ದವರಿಗೆ ನೋಂದಣಿ ವರದಿ, ಕಲ್ಲಿನ ಮೇಲೆ ಏನು ಕೆತ್ತಬೇಕೆಂಬ ಪಟ್ಟಿ ಇರುತ್ತದೆ. ಸ್ಮಾರಕದವರಿಗೆ ರಿಜಿಸ್ಟರಿನ ಹಾಳೆ ಇರುತ್ತದೆ. ಟೈಪು ಮಾಡುವಾಗ ಬಿದ್ದ ತಪ್ಪು ಮೂಲ ಹಾಳೆಯಲ್ಲಿ ಇರದಿರಬಹುದು.

ಊರಿನ ಶಾಲೆಯಲ್ಲೋ ಪಂಚಾಯಿತಿ ಕಟ್ಟೆಯಲ್ಲೋ ಕಲ್ಲು ಹಾಕಿಸುವವರು ಕೆತ್ತುವವನ ಕೈಗೆ ಹಾಳೆ ಕೊಡುವ ಮೊದಲು ಸೇವಾ ಸಂಖ್ಯೆ, ಆ ಕಾಲದ ಪಡೆಯ ಪೂರ್ತಿ ಹೆಸರು, ತೀರಿಕೊಂಡ ದಿನ, ಸ್ಮಾರಕದ ಹೆಸರು ಇಷ್ಟನ್ನು ಪುಟದಲ್ಲಿದ್ದಂತೆ ಬರೆದುಕೊಳ್ಳಿ. ಊರಿನವರು ಕರೆಯುತ್ತಿದ್ದ ಹೆಸರು ಮೊದಲು ಬರಲಿ, ದಾಖಲೆಯ ಕಾಗುಣಿತ ಅದರ ಕೆಳಗೆ, ಮುಂದೆ ಹುಡುಕುವವರಿಗೆ ಎರಡೂ ಬೇಕಾಗುತ್ತದೆ. ಕಾಯಿಲೆಯ ಹೆಸರಿಗೆ ಕಾಗದ ಇದ್ದರೆ ಅದನ್ನೂ ಕೆತ್ತಿಸಿ. ಕಾಗದ ಇಲ್ಲದಿದ್ದರೆ ‘ಸೇವೆಯಲ್ಲಿದ್ದಾಗ ನಿಧನ, ಮೆಸೊಪೊಟೇಮಿಯ’ ಎಂದರೆ ಸಾಕು.